ದಿ ಸಾನಿಕ್ಸ್‌ನ 1965ರ ಒರಟು ಸದ್ದು: ನಮ್ಮ ರೆಕಾರ್ಡಿಂಗ್‌ನಲ್ಲಿ ಯಾಕೆ ಬರ್ತಿಲ್ಲ?

ಮೊನೊಕಿವಿ:
ಅಮೆರಿಕದ ಗ್ಯಾರೇಜ್ ರಾಕ್ ಬ್ಯಾಂಡ್ ದಿ ಸಾನಿಕ್ಸ್‌ನ ‘ಹಿಯರ್ ಆರ್ ದಿ ಸಾನಿಕ್ಸ್’ ಆಲ್ಬಂನ ಡ್ರಮ್ಮು, ಗಿಟಾರಿನ ಸದ್ದು ಬೇಕು ಅಂತ ನಾಲ್ಕು ಜನ ಸೇರಿ ಹೆಣಗ್ತಿದ್ದೀವಿ. ಡ್ರಮ್‌ಗೆ ಆರು ಮೈಕ್ ಇಟ್ಟಿದ್ದೀವಿ. ಮೈಕ್ ಸದ್ದನ್ನು ಕಂಪ್ಯೂಟರಿಗೆ ಕೊಡೋ ಇಂಟರ್‌ಫೇಸಿನ ಕೆಂಪು ದೀಪ ಹತ್ತೋವರೆಗೂ ಗೇನ್ (ಒಳಬರೋ ಸದ್ದಿನ ಮಟ್ಟ) ಏರಿಸಿದ್ದೀವಿ. ಆದರೂ ಬರೋದು ಕಿವಿಗೆ ಚುಚ್ಚೋ ಚರಚರ ಮಾತ್ರ, ಎದೆಗೆ ಬಡಿಯೋ ಹೊಡೆತ ಇಲ್ಲ. ಗಿಟಾರ್ ಸದ್ದನ್ನು ಒರಟು ಮಾಡೋ, ಎರಡು ಟ್ರಾನ್ಸಿಸ್ಟರ್‌ನ ಜರ್ಮೇನಿಯಂ ಫಜ್ ಪೆಡಲಿನ ಸದ್ದು ಮಧ್ಯಾಹ್ನದ ಸೆಕೆಗೆ ಬಿಟ್ಟುಬಿಟ್ಟು ಬರುತ್ತೆ. ಸ್ಪೀಕರ್ ಕಾಗದ ಕೊಯ್ದರೆ ಸರಿಹೋಗುತ್ತಾ?

ಎರಡು_ಟ್ರ್ಯಾಕ್:
ಆರರಲ್ಲಿ ಐದು ಮೈಕ್ ಎತ್ತಿಡಿ. ಸಿಯಾಟಲ್‌ನ ‘ಆಡಿಯೋ ರೆಕಾರ್ಡಿಂಗ್’ ಸ್ಟುಡಿಯೋದಲ್ಲಿ ಎಂಜಿನಿಯರ್ ಕರ್ನಿ ಬಾರ್ಟನ್ ಆ ಆಲ್ಬಂ ಹಿಡಿದದ್ದು ಎರಡು ಟ್ರ್ಯಾಕಿನ ಟೇಪಿನಲ್ಲಿ, ಡ್ರಮ್ಮರ್ ಬಾಬ್ ಬೆನೆಟ್‌ನ ಇಡೀ ಡ್ರಮ್ ಸೆಟ್‌ಗೆ ಇದ್ದದ್ದು ಒಂದೇ ಮೈಕ್. ಆರು ಮೈಕ್ ಇದ್ದಾಗ ಒಂದೇ ಸ್ನೇರ್ (ಚಟೀರನ್ನೋ ಚಿಕ್ಕ ಡ್ರಮ್) ಹೊಡೆತ ಒಂದೊಂದಕ್ಕೂ ಒಂದೊಂದು ಹೊತ್ತಿಗೆ ತಲುಪುತ್ತೆ. ಕೂಡಿಸಿದಾಗ ಅಲೆಗಳು ಪರಸ್ಪರ ಕಳೆದುಕೊಳ್ಳುತ್ತವೆ. ನಿಮ್ಮ ಹೊಡೆತ ಕಾಣೆಯಾಗಿರೋದು ಅಲ್ಲೇ.

ಸಾಧಾರಣ ಡೈನಾಮಿಕ್ ಮೈಕ್ ಸಾಕು. ಕಾಲಲ್ಲಿ ಬಾರಿಸೋ ಕಿಕ್ ಡ್ರಮ್ಮಿನಿಂದ ಮೂರಡಿ ಮುಂದೆ, ಸ್ನೇರ್‌ನ ಎತ್ತರಕ್ಕೆ ಇಡಿ. ಸಿಂಬಲ್ (ತಾಳದ ತಟ್ಟೆ) ಸದ್ದು ಮೇಲೆದ್ದರೆ ಮೈಕನ್ನು ಒಂದು ಗೇಣು ಇಳಿಸಿ. ಇನ್ನೂ ಜಾಸ್ತಿ ಅನ್ನಿಸಿದರೆ ಮೈಕ್ ಮುಟ್ಟಬೇಡಿ, ಡ್ರಮ್ ಬಾರಿಸೋವ್ರಿಗೆ ಸಿಂಬಲ್ ಮೆಲ್ಲಗೆ, ಸ್ನೇರ್ ಜೋರಾಗಿ ಹೊಡೆಯೋಕೆ ಹೇಳಿ. ಒಂದೇ ಮೈಕ್ ಅಂದರೆ ಮಿಕ್ಸಿಂಗ್ ನಡೆಯೋದು ಅವರ ತೋಳಿನಲ್ಲೇ.

ಇನ್ನು ಕೆಂಪು ದೀಪ. ಟೇಪಿಗೆ ಸದ್ದು ಜಾಸ್ತಿಯಾದಾಗ ಅಲೆಯ ತುದಿ ಮೆಲ್ಲಗೆ ದುಂಡಾಗುತ್ತೆ, ಡಿಜಿಟಲ್‌ನಲ್ಲಿ ಕುಡುಗೋಲಲ್ಲಿ ಸವರಿದ ಹಾಗೆ ಚಪ್ಪಟೆಯಾಗುತ್ತೆ. ಆ ಚರಚರ ಅದೇ. ಸದ್ದಿನ ಪೀಕ್ (ಅತಿ ಎತ್ತರದ ತುದಿ) ಮೈನಸ್ 10 ಡಿಬಿ ದಾಟದಿರಲಿ. ಸದ್ದಿನ ಕೊಳಕು (ಒಡಕು) ಇಂಟರ್‌ಫೇಸಿಗೆ ಬರೋ ಮೊದಲೇ, ಆಂಪಿನಲ್ಲೋ ಪೆಡಲಿನಲ್ಲೋ ಆಗಿರಬೇಕು. ಹಳೇ ಕ್ಯಾಸೆಟ್ ಡೆಕ್ ಇದ್ದರೆ ಡಾಲ್ಬಿ (ಟೇಪಿನ ಹಿಸ್ ತಗ್ಗಿಸೋ ಸ್ವಿಚ್) ಆಫ್ ಮಾಡಿ, ಮೀಟರ್ +3ರಿಂದ +6ರ ಹತ್ತಿರ ಆಡೋ ಹಾಗೆ ವಾದ್ಯಗಳ ಟ್ರ್ಯಾಕನ್ನು ಅದಕ್ಕೆ ಇಳಿಸಿ ವಾಪಸ್ ತನ್ನಿ.

ಫಜ್_ಬೆಸುಗೆ:
ಸ್ಪೀಕರ್ ಕೊಯ್ಯಬೇಡಿ, ದಯವಿಟ್ಟು. 1964ರಲ್ಲಿ ಬ್ರಿಟನ್ನಿನ ದಿ ಕಿಂಕ್ಸ್ ಬ್ಯಾಂಡಿನ ಗಿಟಾರಿಸ್ಟ್ ಡೇವ್ ಡೇವಿಸ್ ಬ್ಲೇಡ್ ಹಾಕಿದ್ದು ಎಲ್‌ಪಿಕೊ ಅನ್ನೋ ಚಿಕ್ಕ ಆಂಪಿನ ಸ್ಪೀಕರಿಗೆ, ಅದರ ಸದ್ದನ್ನು ವಾಕ್ಸ್ ಎಸಿ30 ಅನ್ನೋ ದೊಡ್ಡ ಆಂಪಿಗೆ ಕೊಟ್ಟಿದ್ದರು. ನಿಮ್ಮ ದೊಡ್ಡ ಆಂಪಿನ ಕೋನ್ ಹರಿದು ಅದನ್ನು ಅಲುಗಾಡಿಸೋ ತಂತಿ ಸುರುಳಿ (ವಾಯ್ಸ್ ಕಾಯಿಲ್) ಉಜ್ಜಿ ತುಂಡಾದರೆ, ಟ್ಯೂಬ್ ಆಂಪ್ ಲೋಡ್ (ಸ್ಪೀಕರ್) ಇಲ್ಲದೆ ಓಡಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಕೊಯ್ಯಲೇಬೇಕು ಅಂದರೆ ಗುಜರಿಯ 6 ಇಂಚಿನ ಸ್ಪೀಕರ್ ತಂದು 5 ವಾಟ್‌ನ ಟ್ರಾನ್ಸಿಸ್ಟರ್ ಆಂಪಿಗೆ ಹಾಕಿ ಪ್ರಯೋಗ ಮಾಡಿ.

ಪೆಡಲ್‌ದು ಸೆಕೆಯ ಕಾಟವೇ. ಬಿಸಿ ಏರಿದ ಹಾಗೆ ಜರ್ಮೇನಿಯಂ ಟ್ರಾನ್ಸಿಸ್ಟರ್ ಕರೆಂಟ್ ಸೋರಿಸುತ್ತೆ, ಬಯಾಸ್ (ಅದು ಕೆಲಸ ಮಾಡೋ ವೋಲ್ಟೇಜ್ ಮಟ್ಟ) ಜಾರುತ್ತೆ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿನಲ್ಲಿ ಸುಮಾರು 4.5 ವೋಲ್ಟ್ ಇರಬೇಕು. ಅಲ್ಲಿರೋ 8.2 ಕಿಲೋ ಓಮ್ ರೆಸಿಸ್ಟರ್ ತೆಗೆದು 20 ಕಿಲೋ ಓಮ್ ಟ್ರಿಮ್‌ಪಾಟ್ (ತಿರುಗಿಸಿ ಹೊಂದಿಸೋ ರೆಸಿಸ್ಟರ್) ಹಾಕಿ, ನುಡಿಸೋ ಕೋಣೆಯಲ್ಲೇ, ಆ ಹೊತ್ತಿನ ಸೆಕೆಯಲ್ಲೇ ತಿರುಗಿಸಿ ಕೂರಿಸಿ. ಟ್ರಾನ್ಸಿಸ್ಟರ್ ಪಿಎನ್‌ಪಿ ಜಾತಿಯದಾಗಿದ್ದರೆ ಬೇರೆ ಪೆಡಲ್‌ಗಳ ಅಡಾಪ್ಟರಿಗೆ ಜೋಡಿಸಬೇಡಿ, ಗ್ರೌಂಡ್ ಉಲ್ಟಾ ಇರೋದರಿಂದ ಶಾರ್ಟ್ ಆಗುತ್ತೆ. ಅದಕ್ಕೆ ಪ್ರತ್ಯೇಕ ಬ್ಯಾಟರಿ ಇರಲಿ. ಗಿಟಾರ್ ಆದಮೇಲೆ ಮೊದಲು ಸಿಗೋದು ಫಜ್ಜೇ ಆಗಿರಲಿ.

ಸಿಂಗಲ್_ಬೇಟೆ:
ಮೇಲಿನವರಿಬ್ಬರೂ ಹೇಳಿದ್ದು ಸರಿ, ಆದರೆ ಕೋಣೆ ಮರೆತಿರಿ. ‘ಬೂಮ್’ ಆಲ್ಬಂ ಹೊತ್ತಿಗೆ ಸಾನಿಕ್ಸ್‌ನವರು ಸ್ಟುಡಿಯೋ ಗೋಡೆಗೆ ಅಂಟಿಸಿದ್ದ ಸದ್ದು ತಡೆಯೋ ಹೊದಿಕೆಯನ್ನೇ ಕಿತ್ತರು. ಬರೀ ಗೋಡೆಯಿಂದ ಸದ್ದು ತಿರುಗಿ ಬರಲಿ ಅಂತ. ನಿಮ್ಮ ಕೋಣೆಯಲ್ಲಿ ಫೋಮ್ ಇದ್ದರೆ ತೆಗೀರಿ.

ಇನ್ನೊಂದು ಮಾತು: ತಪ್ಪುಗಳನ್ನು ಅಳಿಸಬೇಡಿ. ಪೋರ್ಟ್‌ಲೆಂಡ್‌ನ ದಿ ಕಿಂಗ್ಸ್‌ಮೆನ್ 1963ರಲ್ಲಿ ‘ಲೂಯಿ ಲೂಯಿ’ ಹಾಡಿದಾಗ ಗಿಟಾರ್ ಸೋಲೊ ಮುಗಿದ ಕೂಡಲೇ ಗಾಯಕ ಅವಸರಪಟ್ಟು ಶುರು ಮಾಡಿ ತಡೆದ, ಡ್ರಮ್ಮಿನವ ಒಂದು ಉರುಳು ಬಾರಿಸಿ ಮುಚ್ಚಿದ. ಎಫ್‌ಬಿಐ ಆ ಹಾಡಿನ ಸಾಹಿತ್ಯ ತನಿಖೆ ಮಾಡಿ ಪದ ಅರ್ಥವಾಗಲ್ಲ ಅಂತ ಕೈಬಿಟ್ಟಿತು. ಜನ ಅದನ್ನು ಇಷ್ಟಪಟ್ಟದ್ದು ಈ ತಪ್ಪಿನ ಸಮೇತ.

ಸಾನಿಕ್ಸ್ ಉಳಿದದ್ದು ಹೇಗೆ ಅನ್ನೋದೂ ಇಲ್ಲೇ ಇದೆ. ಲೆನ್ನಿ ಕೇ 1972ರಲ್ಲಿ ಹಳೇ ಗ್ಯಾರೇಜ್ ಹಾಡುಗಳನ್ನು ಸೇರಿಸಿದ ‘ನಗೆಟ್ಸ್’ ಸಂಕಲನದ 27 ಹಾಡುಗಳಲ್ಲಿ ಅವರು ಇರಲೇ ಇಲ್ಲ. ಆದರೂ ದಿ ಕ್ರ್ಯಾಂಪ್ಸ್ ಬ್ಯಾಂಡ್ 1980ರಲ್ಲಿ ಇವರ ‘ಸ್ಟ್ರಿಕ್ನೀನ್’ ಹಾಡನ್ನು ನುಡಿಸಿತು. ಗಿಟಾರಿನ ಮೂರ್ನಾಲ್ಕು ಕಾರ್ಡ್ (ಸ್ವರಗುಚ್ಛ), ಒಂದು ಕಿರುಚು, ಯಾರ ಕೈಗಾದರೂ ದಕ್ಕುವಂಥದ್ದು. ಇಂಥ ಹಾಡು ಬ್ಯಾಂಡಿನಿಂದ ಬ್ಯಾಂಡಿಗೆ ಹಬ್ಬುತ್ತೆ. ನಮ್ಮ ದೇಶದ್ದೇ ಬೇಕಾದರೆ 1970, 71ರ ‘ಸಿಮ್ಲಾ ಬೀಟ್’ ಎಲ್‌ಪಿಗಳನ್ನು ಕೇಳಿ, ಅದೇ ಹಸಿತನ ಸಿಗುತ್ತೆ.

ಮೊನೊಕಿವಿ:
ಫೋಮ್ ಇವತ್ತೇ ತೆಗೀತೀವಿ. ಹಾಡೋದನ್ನೂ ಒಟ್ಟಿಗೇ ಹಿಡೀಬೇಕಾ?

ಎರಡು_ಟ್ರ್ಯಾಕ್:
ಬೇಡ. ವಾದ್ಯಗಳೆಲ್ಲ ಒಂದೇ ಸಲಕ್ಕೆ ಮೊದಲ ಟ್ರ್ಯಾಕಿಗೆ, ಹಾಡು ಎರಡನೇದಕ್ಕೆ. ಆಮೇಲೆ ಎರಡನ್ನೂ ಮೊನೊಗೆ, ಅಂದರೆ ಒಂದೇ ಚಾನೆಲ್‌ಗೆ, ಇಳಿಸಿ. ಸಾನಿಕ್ಸ್‌ನವರು 2015ರ ಆಲ್ಬಂ ಕೂಡ ಮೊನೊದಲ್ಲೇ ಮಾಡಿದರು. ವಾದ್ಯಗಳ ಬ್ಯಾಲೆನ್ಸ್ ಆಮೇಲೆ ತಿದ್ದೋಕೆ ಆಗಲ್ಲ, ಹಾಗಾಗಿ ಒಂದು ನಿಮಿಷ ಹಿಡಿದು ಕೇಳಿ, ಗಿಟಾರ್ ಆಂಪನ್ನು ಒಂದಡಿ ಹಿಂದೆಮುಂದೆ ಸರಿಸಿ, ಮತ್ತೆ ಹಿಡೀರಿ.