ವೈರಸ್ ತೆಗೆದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಸೌಂಡ್ ಇಲ್ಲ

ಪ್ರಶ್ನೆ: ವಿಂಡೋಸ್ 10. ಆಂಟಿವೈರಸ್ ಸೋಂಕು ತೆಗೆದಿದೆ, ಆದರೆ ಸ್ಪೀಕರ್ ಐಕಾನ್ ಮೇಲೆ ಕೆಂಪು ಗುರುತು. ವಿಂಡೋಸ್ ಆಡಿಯೊ ಸರ್ವಿಸ್ (ಹಿನ್ನೆಲೆಯಲ್ಲಿ ಓಡಿ ಸೌಂಡ್ ನೋಡಿಕೊಳ್ಳುವ ಪ್ರೋಗ್ರಾಂ) ಸ್ಟಾರ್ಟ್ ಮಾಡಿದರೆ ಎರರ್ 1068 ಬರುತ್ತಿದೆ. ಡ್ರೈವರ್ (ಸೌಂಡ್ ಸಾಧನ ನಡೆಸುವ ಸಾಫ್ಟ್‌ವೇರ್) ಮತ್ತೆ ಹಾಕಬೇಕಾ?

ಉತ್ತರ 1: ಡ್ರೈವರ್ ಈಗಲೇ ಮುಟ್ಟಬೇಡಿ. 1068 ಅಂದರೆ ಆ ಸರ್ವಿಸ್ ನೆಚ್ಚಿಕೊಂಡಿರುವ ಇನ್ನೊಂದು ಸರ್ವಿಸ್ ಶುರುವಾಗುತ್ತಿಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸರ್ವಿಸಸ್ ಡಾಟ್ ಎಂಎಸ್‌ಸಿ (services.msc) ಎಂದು ಟೈಪ್ ಮಾಡಿ ಸರ್ವಿಸ್‌ಗಳ ಪಟ್ಟಿ ತೆರೆಯಿರಿ. ಮೊದಲು ವಿಂಡೋಸ್ ಆಡಿಯೊ ಎಂಡ್‌ಪಾಯಿಂಟ್ ಬಿಲ್ಡರ್, ಆಮೇಲೆ ವಿಂಡೋಸ್ ಆಡಿಯೊ. ಎರಡನ್ನೂ ಆಟೊಮ್ಯಾಟಿಕ್‌ಗೆ ಇಟ್ಟು ಇದೇ ಕ್ರಮದಲ್ಲಿ ಸ್ಟಾರ್ಟ್ ಕೊಡಿ. ವೈರಸ್ ಇವನ್ನು ಡಿಸೇಬಲ್ ಮಾಡಿರಬಹುದು.

ಉತ್ತರ 2: ಸೋಂಕು ಪೂರ್ತಿ ಹೋಗಿದೆಯೇ ಎಂಬುದೇ ಮುಖ್ಯ, ಉಳಿದಿದ್ದರೆ ಸರಿಮಾಡಿದ್ದು ಮತ್ತೆ ಕೆಡುತ್ತದೆ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಸುಮಾರು 15 ನಿಮಿಷ, ಮಷಿನ್ ರೀಸ್ಟಾರ್ಟ್ ಆಗುತ್ತದೆ, ಫೈಲ್‌ಗಳನ್ನು ಸೇವ್ ಮಾಡಿಕೊಳ್ಳಿ. ನಂತರ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ಡಿಐಎಸ್‌ಎಂನ (DISM) ರಿಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ (SFC) ಸ್ಕ್ಯಾನ್‌ನೌ ಓಡಿಸಿ; ಎರಡೂ ಕೆಟ್ಟ ಸಿಸ್ಟಮ್ ಫೈಲ್‌ಗಳನ್ನು ಸರಿಮಾಡುವ ವಿಂಡೋಸ್‌ನದೇ ಕಮಾಂಡ್‌ಗಳು. ಹಿಂದುಮುಂದು ಮಾಡಬೇಡಿ: ಎಸ್‌ಎಫ್‌ಸಿ ಒಳ್ಳೆಯ ಪ್ರತಿ ತೆಗೆದುಕೊಳ್ಳುವ ಜಾಗವನ್ನೇ ಡಿಐಎಸ್‌ಎಂ ರಿಪೇರಿ ಮಾಡುವುದು.

ಉತ್ತರ 3: 1068 ಬದಲು ಎರರ್ 1079 (ಸರ್ವಿಸ್ ಓಡುವ ಖಾತೆ ಹೊಂದುತ್ತಿಲ್ಲ) ಎಂದು ಬಂದರೆ ವಿಂಡೋಸ್ ಆಡಿಯೊದ ಲಾಗ್ ಆನ್ ಟ್ಯಾಬ್ ನೋಡಿ. ಖಾತೆ ಲೋಕಲ್ ಸರ್ವಿಸ್ ಇರಬೇಕು. ಪಾಸ್‌ವರ್ಡ್ ಖಾಲಿ ಬಿಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಸಾಧನವೇ ಕಾಣದಿದ್ದರೆ ಮಾತ್ರ ಡ್ರೈವರ್ ಹಾಕಿ, ಅದೂ ಲ್ಯಾಪ್‌ಟಾಪ್ ತಯಾರಕರ ಸೈಟ್‌ನಿಂದಲೇ.