ಸಮುದಾಯದ ಪೌಷ್ಟಿಕತೆ ಮತ್ತು ವ್ಯಾಯಾಮ ಕಾರ್ಯಕ್ರಮಕ್ಕೆ ಸಾರ್ವಜನಿಕ ಅನುದಾನ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ ಕೇಳಿದವರು: ಎರಡು ವರ್ಷಗಳಿಂದ ನಾವು ಹನ್ನೆರಡು ಮಂದಿ ಸೇರಿ ವಾರಕ್ಕೆ ಮೂರು ಸಂಜೆ ಸಾಮೂಹಿಕ ನಡಿಗೆಯನ್ನೂ ತಿಂಗಳಿಗೊಮ್ಮೆ ಪೌಷ್ಟಿಕ ಅಡುಗೆಯ ತರಗತಿಯನ್ನೂ ಸ್ವಂತ ಖರ್ಚಿನಲ್ಲಿ ನಡೆಸುತ್ತಿದ್ದೇವೆ. ಬರುವವರ ಸಂಖ್ಯೆ ನಮ್ಮ ಶಕ್ತಿಯನ್ನು ಮೀರಿ ಬೆಳೆದಿರುವುದರಿಂದ ಸಾರ್ವಜನಿಕ ಅನುದಾನಕ್ಕೆ ಮೊದಲ ಸಲ ಅರ್ಜಿ ಸಲ್ಲಿಸಲು ಹೊರಟಿದ್ದೇವೆ. ಪ್ರಸ್ತಾವನೆಯಲ್ಲಿ ಏನನ್ನು ಕೇಳಬೇಕು, ಯಾವ ಭರವಸೆಯನ್ನು ಕೊಡಬಾರದು, ಹಣ ಬಂದ ಮೇಲೆ ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ಈ ದಾರಿಯಲ್ಲಿ ನಡೆದವರು ತಿಳಿಸಿದರೆ ಉಪಕಾರವಾಗುತ್ತದೆ.

ಸಂಯೋಜಕಿಯಾಗಿದ್ದವರು: ನಮ್ಮ ಮೊದಲ ಅರ್ಜಿಯಲ್ಲಿ ವ್ಯಾಯಾಮದ ಚಾಪೆ, ತೂಕದ ಯಂತ್ರ, ಪಾತ್ರೆ, ಕರಪತ್ರ, ಹೀಗೆ ಸಾಮಗ್ರಿಗಳನ್ನು ಮಾತ್ರ ಕೇಳಿದ್ದೆವು. ಕೂಲಿ, ಗೌರವಧನ ಎಂದು ಬರೆದರೆ ಸೇವಾಭಾವವಿಲ್ಲದವರೆಂದು ತಿಳಿದಾರು ಎಂಬ ಅಂಜಿಕೆ ನಮ್ಮಲ್ಲಿತ್ತು. ಅರ್ಜಿ ಸುಲಭವಾಗಿ ಮಂಜೂರಾಯಿತು. ಆದರೆ ಎಂಟನೆಯ ತಿಂಗಳಲ್ಲಿ, ಸಂಬಳವಿಲ್ಲದೆ ಎಲ್ಲವನ್ನೂ ನಿಭಾಯಿಸುತ್ತಿದ್ದ ನಮ್ಮ ಗೆಳತಿಗೆ ಬೇರೆ ಕೆಲಸ ಸಿಕ್ಕಿ ಆಕೆ ಹೊರಟುಹೋದರು, ಸಾಮಗ್ರಿಯೆಲ್ಲ ಬೀಗ ಹಾಕಿದ ಕೋಣೆಯಲ್ಲಿ ಉಳಿಯಿತು. ಎರಡನೆಯ ಬಾರಿ ಕೇಳಿದ ಮೊತ್ತದ ಸುಮಾರು ಅರ್ಧವನ್ನು ಒಬ್ಬ ಸಂಯೋಜಕಿಯ ಗೌರವಧನಕ್ಕೇ ಮೀಸಲಿಟ್ಟೆವು. ಪರಿಶೀಲನೆಯಲ್ಲಿ ಇದನ್ನೇ ಮೊದಲು ಪ್ರಶ್ನಿಸಿದರು. ನಾವು ಹಾಜರಿ ಪುಸ್ತಕವನ್ನು ಮುಂದಿಟ್ಟೆವು; ಎರಡು ದಿನ ಬಾರದಿದ್ದವರಿಗೆ ಫೋನ್ ಮಾಡಿ ವಿಚಾರಿಸುವವರು ಇದ್ದ ತಿಂಗಳುಗಳಲ್ಲಿ ಜನ ಉಳಿದುಕೊಂಡದ್ದು, ವಿಚಾರಿಸುವವರಿಲ್ಲದ ತಿಂಗಳುಗಳಲ್ಲಿ ಒಬ್ಬೊಬ್ಬರಾಗಿ ಕಳಚಿಕೊಂಡದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ನಿಮ್ಮ ಬಳಿ ಎರಡು ವರ್ಷಗಳ ಹಾಜರಿ ಇದ್ದರೆ ಅದನ್ನು ಅರ್ಜಿಗೆ ಲಗತ್ತಿಸಿ.

ಲೆಕ್ಕಪತ್ರ ಬರೆಯುತ್ತಿದ್ದವರು: ಅನುದಾನ ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತದೆ, ಮೊದಲ ಕಂತಿನ ಲೆಕ್ಕ ಒಪ್ಪಿಗೆಯಾಗುವವರೆಗೆ ಎರಡನೆಯದು ಬಿಡುಗಡೆಯಾಗುವುದಿಲ್ಲ. ನಮಗೆ ಈ ನಡುವಿನ ಕಾಯುವಿಕೆ ನಾಲ್ಕು ತಿಂಗಳಾಯಿತು. ಆ ಅವಧಿಯಲ್ಲಿ ಯಾವ ಖರ್ಚು ನಿಲ್ಲಬಹುದು, ಯಾವುದು ನಿಲ್ಲಬಾರದು ಎಂಬುದನ್ನು ಸಹಿ ಹಾಕುವ ಮೊದಲೇ ನಿರ್ಧರಿಸಿಕೊಳ್ಳಿ. ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ, ರಸೀದಿಯನ್ನು ಅದೇ ದಿನ ಪುಸ್ತಕಕ್ಕೆ ಏರಿಸಿ. ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ಬಳಸುವ ಮೊದಲು ಲಿಖಿತ ಅನುಮತಿ ಪಡೆಯಿರಿ. ಅಡುಗೆ ತರಗತಿಗೆ ತಂದ ತರಕಾರಿಗೆ ಬಿಲ್ಲು ಸಿಗದೆ ನಾವು ಬಹಳ ಕಷ್ಟಪಟ್ಟೆವು. ಇಂತಹ ಸಣ್ಣ ಖರೀದಿಗೆ ಯಾವ ದಾಖಲೆಯನ್ನು ಒಪ್ಪುತ್ತಾರೆ ಎಂದು ಮೊದಲ ಭೇಟಿಯಲ್ಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಪೌಷ್ಟಿಕಾಂಶ ಸಲಹೆಗಾರ್ತಿ: ಭರವಸೆಯ ವಿಚಾರಕ್ಕೆ ನಾನು ಉತ್ತರಿಸುತ್ತೇನೆ. ತೂಕ ಇಳಿಸುತ್ತೇವೆ ಎಂದು ದಯವಿಟ್ಟು ಬರೆಯಬೇಡಿ. ನಡಿಗೆಯೊಂದರಿಂದಲೇ ಕೆಲವು ತಿಂಗಳಲ್ಲಿ ತೂಕ ಇಳಿಯುವುದು ಅಲ್ಪ, ಆದರೆ ಅದೇ ಅವಧಿಯಲ್ಲಿ ಕಾಲಿನ ಬಲ, ನಿದ್ರೆ, ಉಸಿರಿನ ಸಾಮರ್ಥ್ಯ ಸುಧಾರಿಸಬಹುದು. ತೂಕವನ್ನಷ್ಟೇ ಅಳೆದ ಕಾರ್ಯಕ್ರಮ ಚೆನ್ನಾಗಿ ನಡೆದಿದ್ದರೂ ವರದಿಯಲ್ಲಿ ಸೋತಂತೆ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ತೀವ್ರತೆಯ ಚಟುವಟಿಕೆಯನ್ನೂ, 65 ದಾಟಿದವರಿಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲವರ್ಧನೆಯ ವ್ಯಾಯಾಮವನ್ನೂ ಸೂಚಿಸುತ್ತದೆ. ನಿಮ್ಮ ಮೂರು ಸಂಜೆಗಳು ತಲಾ 50 ನಿಮಿಷವಾದರೆ 150 ನಿಮಿಷ ಅಲ್ಲಿಗೇ ಪೂರ್ಣವಾಗುತ್ತದೆ, ಇದನ್ನು ಪ್ರಸ್ತಾವನೆಯಲ್ಲಿ ಅಂಕಿಯಾಗಿಯೇ ತೋರಿಸಿ. ಆಹಾರದ ಭಾಗಕ್ಕೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಮತ್ತು 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬ ಅದೇ ಸಂಸ್ಥೆಯ ಅಳತೆಗಳು ಸಾಕು.

ಅಳೆಯುವುದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಹಿರಿಯರು ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲರು ಎಂದು ಎಣಿಸುವುದು ಎಲ್ಲೆಡೆ ಬಳಕೆಯಲ್ಲಿರುವ ಪರೀಕ್ಷೆ. ಪಕ್ಕದಲ್ಲಿ ಆಸರೆಗೆ ಒಬ್ಬರು ನಿಂತಿರಬೇಕು. ಮುಖ್ಯವಾದ ಮಾತೆಂದರೆ, ಮೊದಲ ಅಳತೆಯನ್ನು ಹೊಸಬರು ಸೇರಿದ ದಿನವೇ ತೆಗೆದುಕೊಳ್ಳಬೇಕು. ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ಆರು ತಿಂಗಳು ಕಳೆದ ಮೇಲೆ ಅಳೆಯಲು ಆರಂಭಿಸಿದ್ದರಿಂದ ಆಗಿದ್ದ ಸುಧಾರಣೆಯನ್ನು ತೋರಿಸುವ ದಾರಿಯೇ ನಮಗೆ ಉಳಿದಿರಲಿಲ್ಲ, ಮುಂದುವರಿಕೆಯ ಅನುದಾನವೂ ಸಿಗಲಿಲ್ಲ. ಆ ಗುಂಪಿನ ಅಜ್ಜಿಯರನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ನಡಿಗೆ ಗುಂಪಿನ ಸದಸ್ಯೆ: ನಮ್ಮಲ್ಲಿ ಬಾರದೇ ಉಳಿದವರನ್ನು ಮನೆಗೆ ಹೋಗಿ ವಿಚಾರಿಸಿದಾಗ, ಹೆಚ್ಚಿನವರು ಹೇಳಿದ ಕಾರಣ ಮಕ್ಕಳನ್ನು ನೋಡಿಕೊಳ್ಳುವವರಿಲ್ಲ ಎಂಬುದು. ಮಕ್ಕಳಿಗಾಗಿ ಪಕ್ಕದಲ್ಲೇ ಒಂದು ಆಟದ ಗುಂಪನ್ನೂ ಅದಕ್ಕೊಬ್ಬ ಮೇಲ್ವಿಚಾರಕಿಯನ್ನೂ ಯೋಜನೆಯಲ್ಲಿ ಸೇರಿಸಿದ ಮೇಲೆ ತಾಯಂದಿರು ಬಂದರು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಮ್ಮ ಕರಡಿನ ಮೊದಲ ಗುರಿಯೇ ತೂಕ ಇಳಿಸುವುದಾಗಿತ್ತು, ಅದನ್ನು ಇಂದು ತೆಗೆದುಹಾಕಿದೆವು. ಸಂಯೋಜಕಿಯವರಲ್ಲಿ ಇನ್ನೊಂದು ಪ್ರಶ್ನೆ: ಗೌರವಧನವನ್ನು ತಿಂಗಳ ಮೊತ್ತವಾಗಿ ತೋರಿಸಬೇಕೇ, ಗಂಟೆಯ ಲೆಕ್ಕದಲ್ಲಿ ತೋರಿಸಬೇಕೇ?

ಸಂಯೋಜಕಿಯಾಗಿದ್ದವರು: ಗಂಟೆಯ ಲೆಕ್ಕದಲ್ಲಿ ತೋರಿಸಿ. ಫೋನ್ ವಿಚಾರಣೆ, ಮನೆ ಭೇಟಿ, ಹಾಜರಿ ಮತ್ತು ಅಳತೆಗಳ ದಾಖಲೆ, ವರದಿ ಬರವಣಿಗೆ, ಇವುಗಳಲ್ಲಿ ಪ್ರತಿಯೊಂದಕ್ಕೂ ವಾರಕ್ಕೆ ಎಷ್ಟು ಗಂಟೆ ಬೇಕು ಎಂದು ಬಿಡಿಸಿ ಬರೆಯಿರಿ. ತಿಂಗಳ ಮೊತ್ತವನ್ನಷ್ಟೇ ಬರೆದಿದ್ದ ನಮ್ಮ ಕರಡನ್ನು ಮೂರನೆಯ ಒಂದು ಭಾಗ ಕಡಿತಗೊಳಿಸಲು ಸೂಚಿಸಿದ್ದರು. ಕೆಲಸಗಳನ್ನು ಬಿಡಿಸಿ ತೋರಿಸಿದ ಮೇಲೆ ಕಡಿತವನ್ನು ಕೈಬಿಟ್ಟರು.