ಅಪ್‌ಡೇಟ್: ಪದಪಟ್ಟಿ ಅಳಿಸಿದೆ, ಭಾಷೆ ಶುರುವಾಯಿತು

ಮೂರು ತಿಂಗಳ ಹಿಂದೆ ನಾನು ಇಲ್ಲಿ ಕೇಳಿದ್ದೆ: ಸ್ವಂತ ಭಾಷೆ ಕಟ್ಟಲು ಹೊರಟು 400 ಪದ ಬರೆದಿಟ್ಟಿದ್ದೇನೆ, ಒಂದು ವಾಕ್ಯವೂ ಹುಟ್ಟುತ್ತಿಲ್ಲ, ಏನು ಮಾಡಲಿ? ಪಟ್ಟಿಯನ್ನು ಬದಿಗಿಟ್ಟು ಮೊದಲು ಧ್ವನಿಗಳನ್ನು ಗೊತ್ತುಮಾಡಿ, ಆಮೇಲೆ ಸಣ್ಣ ವಾಕ್ಯಗಳನ್ನು ಅನುವಾದಿಸಿ ಎಂದಿದ್ದಿರಿ. ಮುನಿಸಿನಿಂದಲೇ ಪಾಲಿಸಿದೆ.

ಈಗ 12 ವ್ಯಂಜನ, 5 ಸ್ವರ. ಒತ್ತಕ್ಷರವಿಲ್ಲ. ಮಹಾಪ್ರಾಣವೂ ಇಲ್ಲ (ನನ್ನ ಬಾಯಲ್ಲಿ ಅವು ಮೊದಲೂ ಇರಲಿಲ್ಲ).

ನಿಜವಾದ ಪೆಟ್ಟು ಬಿದ್ದದ್ದು ವ್ಯಾಕರಣದಲ್ಲಿ. ‘ನನಗೆ ಹಸಿವಾಗಿದೆ’ ಎಂಬುದನ್ನು ಅನುವಾದಿಸಿ ನೋಡಿದರೆ ಚತುರ್ಥಿ ವಿಭಕ್ತಿ, ಕೊನೆಯಲ್ಲಿ ಕ್ರಿಯಾಪದ, ಎಲ್ಲವೂ ಹಾಗೆಯೇ ಬಂದು ಕೂತಿದ್ದವು. ನಾನು ಕಟ್ಟಿದ್ದು ವೇಷ ಹಾಕಿದ ಕನ್ನಡ! ಹಾಗಾಗಿ ವೆಲ್ಷ್ ಭಾಷೆಯಂತೆ ಕ್ರಿಯಾಪದವನ್ನು ಮುಂದಕ್ಕೆ ತಂದೆ: ‘ಸುಮ ತಿಲೆ ನಕೊ’, ಅಂದರೆ ತಿನ್ನುತ್ತದೆ ಬೆಕ್ಕು ಮೀನನ್ನು. ತಮಿಳು, ತೆಲುಗುಗಳಲ್ಲಿರುವಂತೆ ಕೇಳುವವರನ್ನು ಸೇರಿಸಿಕೊಳ್ಳುವ ‘ನಾವು’ ಬೇರೆ, ಹೊರಗಿಡುವ ‘ನಾವು’ ಬೇರೆ ಮಾಡಿದೆ. ಕನ್ನಡಕ್ಕೆ ಈ ಭೇದವಿಲ್ಲ ಎಂಬುದು ಇಷ್ಟು ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ.

1887ರಲ್ಲಿ ಝಾಮೆನ್‌ಹಾಫ್ ಪ್ರಕಟಿಸಿದ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಿಂದ ಒಂದು ಉಪಾಯ ಕದ್ದಿದ್ದೇನೆ. ಅಲ್ಲಿ ‘ಬೋನಾ’ ಒಳ್ಳೆಯದು, ‘ಮಾಲ್‌ಬೋನಾ’ ಕೆಟ್ಟದ್ದು. ಅಂಥದೇ ಒಂದು ಪೂರ್ವಪ್ರತ್ಯಯ ಮಾಡಿಕೊಂಡದ್ದೇ ತಡ, ವಿಶೇಷಣಗಳಲ್ಲಿ ಅರ್ಧದಷ್ಟು ಬೇಡವಾದವು. ಈಗಿರುವುದು 90 ಪದ, ಆದರೆ ದಿನಚರಿಯ ನಾಲ್ಕು ಸಾಲು ಬರೆಯಬಲ್ಲೆ.

ಲಿಪಿಯನ್ನು ಇನ್ನೂ ಮುಟ್ಟಿಲ್ಲ. ಮೀನಿಗೆ ಬೇರೆ ಪದ ಹುಡುಕಬೇಕು: ‘ನಕೊ’ ಎಂದರೆ ಮರಾಠಿಯಲ್ಲಿ ‘ಬೇಡ’ ಅಲ್ಲವೇ ಎಂದು ತಂಗಿ ಬಿದ್ದು ಬಿದ್ದು ನಕ್ಕಳು.